ರಿಪೋರ್ಟಿನಲ್ಲಿ ಪ್ರೋಟೀನ್ ಜಾಸ್ತಿ ಅಂತ ಅಪ್ಪನ ಮೀನು ನಿಲ್ಲಿಸಬೇಕಾ?

ಪ್ರಶ್ನೆ: ನಾವು ಕುಮಟಾ ಹತ್ತಿರದವರು. ಅಪ್ಪನಿಗೆ 64 ವರ್ಷ. ಮೂರು ತಿಂಗಳ ಹಿಂದೆ ಮಲ್ಟಿಪಲ್ ಮೈಲೋಮಾ ಅಂತ ಗೊತ್ತಾಯಿತು. ವಾರಕ್ಕೊಮ್ಮೆ ಮಣಿಪಾಲಕ್ಕೆ ಕರೆದುಕೊಂಡು ಹೋಗಿ ಬೋರ್ಟೆಜೊಮಿಬ್ ಇಂಜೆಕ್ಷನ್ ಹಾಕಿಸುತ್ತೇವೆ. ಜೊತೆಗೆ ಡೆಕ್ಸಾ ಎಂಬ ಸ್ಟೀರಾಯ್ಡ್ ಮಾತ್ರೆ ಇದೆ. ಐದು ತಿಂಗಳಲ್ಲಿ ತೂಕ 62 ಕಿಲೋದಿಂದ 54ಕ್ಕೆ ಇಳಿದಿದೆ. ಎತ್ತರ 5 ಅಡಿ 6 ಅಂಗುಲ. ರಿಪೋರ್ಟಿನಲ್ಲಿ ಟೋಟಲ್ ಪ್ರೋಟೀನ್ 9.6, ಅಲ್ಬುಮಿನ್ 2.7, ಸಿಆರ್‌ಪಿ 48, ಫೆರಿಟಿನ್ 910, ಹಿಮೋಗ್ಲೋಬಿನ್ 8.4, ಕ್ರಿಯಾಟಿನಿನ್ 1.1 ಇದೆ. ಪ್ರೋಟೀನ್ ಜಾಸ್ತಿ ಇದೆ, ಅದರ ಮೇಲೆ ಮೀನು ನಂಜು ಅಂತ ದೊಡ್ಡಪ್ಪ ಹೇಳಿದರು. ಒಂದು ತಿಂಗಳಿಂದ ಮೀನು, ಮೊಟ್ಟೆ, ಬೇಳೆ ಎಲ್ಲ ಬಂದ್ ಮಾಡಿ ಗಂಜಿ ಕೊಡುತ್ತಿದ್ದೇವೆ. ಅಲ್ಬುಮಿನ್ ಕಡಿಮೆ ಇದೆ, ಪ್ರೋಟೀನ್ ಪೌಡರ್ ಕೊಡಿ ಅಂತ ಇನ್ನೊಬ್ಬರು ಹೇಳುತ್ತಾರೆ. ಎಂಜಲು ಕೊಟ್ಟು ಜೀನ್ ಟೆಸ್ಟ್ ಮಾಡಿಸಿದರೆ ಯಾವ ಆಹಾರ ಮೈಗೆ ಹಿಡಿಯುತ್ತದೆ ಅಂತ ಗೊತ್ತಾಗುತ್ತದಂತೆ. ಮಾಡಿಸಬೇಕಾ? ಅಪ್ಪ ಎರಡು ಚಮಚ ತಿಂದು ಸಾಕು ಅಂತ ಹಟ ಮಾಡುತ್ತಾರೆ.

ಉತ್ತರ: ಮೊದಲು ಮೀನಿನ ವಿಷಯ. ಮೀನು, ಮೊಟ್ಟೆ, ಬೇಳೆ ಇವತ್ತೇ ಮತ್ತೆ ಶುರು ಮಾಡಿ. ಕ್ರಿಯಾಟಿನಿನ್ 1.1 ಇದೆ ಅಂದರೆ ಪ್ರೋಟೀನ್ ಕಡಿಮೆ ಮಾಡಬೇಕಾದ ಕಿಡ್ನಿ ತೊಂದರೆ ಸದ್ಯಕ್ಕೆ ಕಾಣುತ್ತಿಲ್ಲ. ನಿಮ್ಮ ಡಾಕ್ಟರು ಬೇರೆ ಕಾರಣಕ್ಕೆ ಪಥ್ಯ ಹೇಳಿದ್ದರೆ ಅದು ಬೇರೆ ಮಾತು. ನಿಮ್ಮ ಪತ್ರದಲ್ಲಿ ಹಾಗೇನೂ ಇಲ್ಲ.

ರಿಪೋರ್ಟಿನಲ್ಲಿರುವ 9.6 ಊಟದ ಪ್ರೋಟೀನ್ ಅಲ್ಲ. ಮೈಲೋಮಾ ಅನ್ನುವುದು ಮೂಳೆಯೊಳಗಿನ ಮಜ್ಜೆಯಲ್ಲಿರುವ ಪ್ಲಾಸ್ಮಾ ಕೋಶಗಳ ಕ್ಯಾನ್ಸರ್. ಈ ಕೋಶಗಳ ಕೆಲಸವೇ ಪ್ರತಿಕಾಯ ತಯಾರಿಸುವುದು. ಕ್ಯಾನ್ಸರ್ ಬಂದ ಮೇಲೆ ಅವು ಒಂದೇ ಜಾತಿಯ, ಯಾವ ಉಪಯೋಗಕ್ಕೂ ಬಾರದ ಪ್ರತಿಕಾಯವನ್ನು ಬಿಡುವಿಲ್ಲದೆ ಮಾಡಿ ರಕ್ತಕ್ಕೆ ಸುರಿಯುತ್ತವೆ. ಅದಕ್ಕೆ ಎಂ ಪ್ರೋಟೀನ್ ಅನ್ನುತ್ತಾರೆ. 9.6ರಲ್ಲಿ 2.7 ಅಲ್ಬುಮಿನ್ ಕಳೆಯಿರಿ. ಉಳಿದ 6.9 ಗ್ಲೋಬ್ಯುಲಿನ್, ಅಂದರೆ ಪ್ರತಿಕಾಯಗಳೂ ಸೇರಿದ ಪ್ರೋಟೀನ್ ಗುಂಪು. ಆರೋಗ್ಯವಂತರಲ್ಲಿ ಇದು ಸುಮಾರು 2ರಿಂದ 3.5ರ ಒಳಗೆ ಇರುತ್ತದೆ. ಅಷ್ಟೂ ಹೆಚ್ಚಿಗೆ ಬಂದಿದ್ದು ಮುಖ್ಯವಾಗಿ ಆ ಕ್ಯಾನ್ಸರ್ ಕೋಶಗಳಿಂದ. ನೀವು ಬೇಳೆ ನಿಲ್ಲಿಸಿದರೆ ಅವು ನಿಲ್ಲುವುದಿಲ್ಲ. ಕಚ್ಚಾ ಸಾಮಗ್ರಿಯನ್ನು ಅಪ್ಪನ ತೊಡೆ, ತೋಳಿನ ಸ್ನಾಯುವಿನಿಂದ ಎತ್ತಿಕೊಳ್ಳುತ್ತವೆ. ಆ ಸಂಖ್ಯೆ ಇಳಿಸುವುದು ಇಂಜೆಕ್ಷನ್ನಿನ ಕೆಲಸ, ಪಥ್ಯದ್ದಲ್ಲ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ನಮ್ಮ ಕರಾವಳಿಯ ಕಡೆಯಿಂದ ಬರುವ ಮೈಲೋಮಾ ರೋಗಿಗಳಲ್ಲಿ ಈ ತಪ್ಪನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಮನೆಯವರು ಪ್ರೀತಿಯಿಂದಲೇ ಮಾಡಿರುತ್ತಾರೆ. ಒಬ್ಬ ಹಿರಿಯರ ಬೆಲ್ಟಿನಲ್ಲಿ ಮೊಳೆ ಹೊಡೆದು ಮಾಡಿದ ಮೂರು ಹೊಸ ತೂತುಗಳಿದ್ದವು. ಒಂದು ತೂತಿಗೂ ಮುಂದಿನದಕ್ಕೂ ಒಂದೊಂದು ಅಂಗುಲ. ತಿಂಗಳಿಗೊಂದು ಹೊಡೆದಿದ್ದು ಅಂತ ಮಗ ಹೇಳಿದರು. ಆ ಮೂರು ತಿಂಗಳೂ ಗಂಜಿ ಮತ್ತು ಉಪ್ಪಿನಕಾಯಿ. ಯಾವ ಲ್ಯಾಬ್ ರಿಪೋರ್ಟೂ ಆ ಬೆಲ್ಟಿನಷ್ಟು ಸ್ಪಷ್ಟವಾಗಿ ಹೇಳುತ್ತಿರಲಿಲ್ಲ.

ಈಗ ಅಲ್ಬುಮಿನ್. 2.7 ಅಂದರೆ ಅಪ್ಪ ಸರಿಯಾಗಿ ತಿಂದಿಲ್ಲ ಅಂತ ಅರ್ಥವಾ? ಅಲ್ಲ. ಬಹಳ ವರ್ಷ ವೈದ್ಯರೇ ಹಾಗೆ ಓದುತ್ತಿದ್ದರು. ಅಲ್ಬುಮಿನ್ ತಯಾರಾಗುವುದು ಲಿವರ್‌ನಲ್ಲಿ. ಒಮ್ಮೆ ರಕ್ತಕ್ಕೆ ಬಂದರೆ ಅದರಲ್ಲಿ ಅರ್ಧ ಖಾಲಿಯಾಗಲು ಸುಮಾರು 20 ದಿನ ಬೇಕು. ಬರೀ ಉಪವಾಸದಿಂದ ಸೊರಗಿದವರಲ್ಲಿ ಅಲ್ಬುಮಿನ್ ಬಹಳ ಕಾಲ ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತದೆ. ಅದು ಬೇಗ ಬೀಳುವುದು ಮೈಯೊಳಗೆ ಉರಿಯೂತ ಎದ್ದಾಗ. ಕ್ಯಾನ್ಸರ್ ಕೋಶಗಳು ಮತ್ತು ಅವುಗಳ ಸುತ್ತಲಿನ ಕೋಶಗಳು ಇಂಟರ್‌ಲ್ಯೂಕಿನ್-6 ಎಂಬ ಸಂದೇಶದ ಪ್ರೋಟೀನ್ ಬಿಡುತ್ತವೆ. ಅದು ಲಿವರ್‌ಗೆ ತಲುಪಿದ ಕೂಡಲೇ ಲಿವರ್ ತನ್ನ ಕೆಲಸದ ಪಟ್ಟಿಯನ್ನೇ ಬದಲಿಸುತ್ತದೆ. ಸಿಆರ್‌ಪಿ ಎಂಬ ಉರಿಯೂತದ ಪ್ರೋಟೀನ್ ಜಾಸ್ತಿ ಮಾಡು, ಅಲ್ಬುಮಿನ್ ಕಡಿಮೆ ಮಾಡು. ಜೊತೆಗೆ ರಕ್ತನಾಳದ ಗೋಡೆ ಸಡಿಲವಾಗಿ ಇದ್ದ ಅಲ್ಬುಮಿನ್ ಕೂಡ ಹೊರಗೆ ಸೋರುತ್ತದೆ. ನಿಮ್ಮ ರಿಪೋರ್ಟಿನಲ್ಲಿ ಸಿಆರ್‌ಪಿ 48, ಅಲ್ಬುಮಿನ್ 2.7. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದೇ ಕಥೆಯ ಎರಡು ಸಾಲು ಅವು.

ಮೈಲೋಮಾದಲ್ಲಂತೂ ಇಂಟರ್‌ಲ್ಯೂಕಿನ್-6 ಇನ್ನೂ ಒಂದು ಕೆಲಸ ಮಾಡುತ್ತದೆ. ಕ್ಯಾನ್ಸರ್ ಕೋಶ ಬೆಳೆಯಲು ಅದೇ ಗೊಬ್ಬರ. ಹಾಗಾಗಿ ಈ ರೋಗದಲ್ಲಿ ಅಲ್ಬುಮಿನ್ ರೋಗದ ಬಲವನ್ನೇ ತೋರಿಸುತ್ತದೆ. 2005ರಲ್ಲಿ ಬಂದ ಅಂತರರಾಷ್ಟ್ರೀಯ ಹಂತ ನಿರ್ಣಯದ ಪದ್ಧತಿ ಎರಡೇ ಎರಡು ರಕ್ತ ಪರೀಕ್ಷೆಯ ಮೇಲೆ ನಿಂತಿದೆ. ಒಂದು ಬೀಟಾ-2 ಮೈಕ್ರೋಗ್ಲೋಬ್ಯುಲಿನ್, ಇನ್ನೊಂದು ಅಲ್ಬುಮಿನ್. ಅಲ್ಬುಮಿನ್ 3.5ಕ್ಕಿಂತ ಕೆಳಗೆ ಹೋದರೆ ಮೊದಲ ಹಂತ ಅನ್ನುವ ಹಾಗಿಲ್ಲ. ನಿಮ್ಮ ಡಾಕ್ಟರು ಆ ಸಂಖ್ಯೆ ನೋಡುವುದು ಇದಕ್ಕೂ ಹೌದು.

ಅದಕ್ಕೇ ಪೌಡರ್ ಡಬ್ಬಿ ಡಬ್ಬಿ ಕುಡಿಸಿದರೂ ಅಲ್ಬುಮಿನ್ ಏರುವುದಿಲ್ಲ. ಚಿಕಿತ್ಸೆ ಹಿಡಿದು, ಸಿಆರ್‌ಪಿ ಇಳಿದ ಮೇಲೆ ತಾನಾಗಿ ನಿಧಾನ ಏರುತ್ತದೆ. ಪೌಡರ್ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಊಟ ಸಾಲದ ದಿನ ಹಾಲಿಗೆ ಎರಡು ಚಮಚ ಹಾಕಿ ಕೊಡಿ, ಒಳ್ಳೆಯದೇ. ಅಲ್ಬುಮಿನ್ ಏರಲಿಲ್ಲ ಅಂತ ಕೊಡುವುದನ್ನು ಬಿಡಬೇಡಿ, ಏರಿತು ಅಂತ ಊಟ ಸಾಕಾಗಿದೆ ಅಂದುಕೊಳ್ಳಬೇಡಿ ಅಷ್ಟೇ. ಪ್ರಿಅಲ್ಬುಮಿನ್ ಅಂತ ಇನ್ನೊಂದು ದುಬಾರಿ ಪರೀಕ್ಷೆ ಇದೆ. ಅದು ಎರಡು ಮೂರು ದಿನದಲ್ಲೇ ಬದಲಾಗುತ್ತದೆ, ಆದರೆ ಉರಿಯೂತಕ್ಕೆ ಬಗ್ಗುವುದರಲ್ಲಿ ಅಲ್ಬುಮಿನ್‌ನ ತಮ್ಮ. ಇದಕ್ಕಾಗಿ ಮಾಡಿಸುವ ಅಗತ್ಯ ಇಲ್ಲ.

ಫೆರಿಟಿನ್ ಮೈಯೊಳಗಿನ ಕಬ್ಬಿಣದ ದಾಸ್ತಾನಿನ ಅಳತೆ. ಅದು 910 ಇರುವುದನ್ನು ನೋಡಿ ಕಬ್ಬಿಣ ತುಂಬಿ ತುಳುಕುತ್ತಿದೆ ಅಂತ ಯಾರಾದರೂ ಹೇಳಿರಬಹುದು. ಹಿಮೋಗ್ಲೋಬಿನ್ 8.4 ನೋಡಿ ಕಬ್ಬಿಣದ ಮಾತ್ರೆ ಕೊಡಿ ಅಂತ ಬೇರೆಯವರು ಹೇಳಿರಬಹುದು. ಇಲ್ಲೂ ಅದೇ ಇಂಟರ್‌ಲ್ಯೂಕಿನ್-6. ಅದು ಲಿವರ್‌ನಿಂದ ಹೆಪ್ಸಿಡಿನ್ ಎಂಬ ಹಾರ್ಮೋನು ಹೊರಡಿಸುತ್ತದೆ. ಹೆಪ್ಸಿಡಿನ್ ಮೈಯೊಳಗಿನ ಕಬ್ಬಿಣವನ್ನು ಗೋದಾಮಿಗೆ ಹಾಕಿ ಬೀಗ ಜಡಿಯುತ್ತದೆ. ಗೋದಾಮು ತುಂಬಿದೆ, ಮಜ್ಜೆಗೆ ಸಿಗುತ್ತಿಲ್ಲ. ಮಜ್ಜೆಯಲ್ಲಿ ಕ್ಯಾನ್ಸರ್ ಕೋಶಗಳು ಜಾಗ ಹಿಡಿದು ಕೂತಿರುವುದೂ ಹಿಮೋಗ್ಲೋಬಿನ್ ಇಳಿಯಲು ಕಾರಣ. ರಕ್ತ ಹಾಕಿಸಿದ್ದರೆ ಅದರಿಂದಲೂ ಫೆರಿಟಿನ್ ಏರುತ್ತದೆ. ಡಾಕ್ಟರು ಬರೆದುಕೊಡದೆ ಕಬ್ಬಿಣದ ಮಾತ್ರೆ ಬೇಡ.

ಸಿಆರ್‌ಪಿ ಬಗ್ಗೆ ಎರಡು ಎಚ್ಚರಿಕೆ. ಕೆಲವು ಲ್ಯಾಬ್ ಇದನ್ನು ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಕೊಡುತ್ತವೆ, ಕೆಲವು ಡೆಸಿಲೀಟರಿಗೆ. 48 ಮತ್ತು 4.8 ಒಂದೇ ಆಗಿರಬಹುದು. ಕುಮಟಾದಲ್ಲಿ ಮಾಡಿಸಿದ್ದನ್ನು ಮಣಿಪಾಲದ್ದರ ಜೊತೆ ಹೋಲಿಸುವ ಮೊದಲು ಕೆಳಗಿನ ಅಳತೆ ಓದಿ. ಎರಡನೆಯದು ಇದಕ್ಕಿಂತ ಮುಖ್ಯ. ಸೋಂಕಿನಿಂದಲೂ ಸಿಆರ್‌ಪಿ ಏರುತ್ತದೆ. ಮೈಲೋಮಾದವರಿಗೆ ಕೆಲಸಕ್ಕೆ ಬರುವ ಪ್ರತಿಕಾಯ ಕಡಿಮೆ. 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದರೆ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಿನ ತನಕ ಕಾಯಬೇಡಿ. ರಾತ್ರಿಯಾಗಲಿ, ಮಳೆಯಾಗಲಿ, ಹತ್ತಿರದ ಆಸ್ಪತ್ರೆಗೆ ಹೋಗಿ, ಅಲ್ಲಿಂದಲೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿಸಿ.

ನಂಜಿನ ಮಾತಿಗೆ ಬರುತ್ತೇನೆ. ದೊಡ್ಡಪ್ಪ ಹೇಳಿದ್ದನ್ನು ನಾನು ಹಗುರ ಮಾಡುವುದಿಲ್ಲ. ಗಾಯ ಆದಾಗ, ಬಾಣಂತನದಲ್ಲಿ ಬಂಗಡೆ, ಸಿಗಡಿ, ಬದನೆ ನಂಜು ಅಂತ ದೂರ ಇಡುವುದನ್ನು ನಾವೆಲ್ಲ ನೋಡಿ ಬೆಳೆದವರು. ಮೈಯೊಳಗೆ ಏನೋ ಕೆರಳುತ್ತದೆ, ಅದು ಗಾಯ ಮಾಗಲು ಬಿಡುವುದಿಲ್ಲ ಅನ್ನುವ ತಿಳಿವಳಿಕೆ ಅದರಲ್ಲಿದೆ. ನಿಮ್ಮಪ್ಪನ ಮೈಯಲ್ಲಿ ಈಗ ಕೆರಳಿರುವುದು ನಿಜ. ಆದರೆ ಅದು ಎದ್ದಿದ್ದು ಮಜ್ಜೆಯಿಂದ, ಮೀನಿನ ಬುಟ್ಟಿಯಿಂದಲ್ಲ. ಬಂಗಡೆ, ತಾರ್ಲಿಯಲ್ಲಿರುವ ಒಮೆಗಾ-3 ಕೊಬ್ಬು ಉರಿಯೂತ ಹೆಚ್ಚಿಸುವಂಥದ್ದಲ್ಲ. ಮೀನು ತಿಂದರೆ ಮೈ ತುರಿಸುವುದು, ದದ್ದು ಏಳುವುದು ಮೊದಲಿಂದಲೂ ಇದ್ದರೆ ಅದು ಅಲರ್ಜಿ, ಅಂಥವರಿಗೆ ಬೇಡ. ಇದನ್ನು ದೊಡ್ಡಪ್ಪನ ಎದುರು ಹೀಗೇ ಓದಿ ಹೇಳಿ.

ಇನ್ನು ಹಟ. ದಯವಿಟ್ಟು ಈ ಶಬ್ದ ಬಿಟ್ಟುಬಿಡಿ. 1980ರ ದಶಕದಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದಲ್ಲಿ ಆಂಥೊನಿ ಸೆರಾಮಿ ಎಂಬ ವಿಜ್ಞಾನಿ, ಸೋಂಕು ತಗುಲಿದ ಪ್ರಾಣಿಗಳು ಯಾಕೆ ಒಣಗಿ ಹೋಗುತ್ತವೆ ಎಂದು ಹುಡುಕುತ್ತಿದ್ದರು. ಸಿಕ್ಕ ಪ್ರೋಟೀನಿಗೆ ಕ್ಯಾಕೆಕ್ಟಿನ್ ಎಂದು ಹೆಸರಿಟ್ಟರು. ಸೊರಗಿಸುವಂಥದ್ದು ಅಂತ ಅರ್ಥ. 1985ರಲ್ಲಿ ನೋಡಿದರೆ ಅದೂ, ಬೇರೆಯವರು ಟಿಎನ್‌ಎಫ್ ಎಂದು ಕರೆಯುತ್ತಿದ್ದದ್ದೂ ಒಂದೇ ವಸ್ತು. ಟಿಎನ್‌ಎಫ್, ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-6 ಈ ಮೂರೂ ಮೆದುಳಿನ ಹಸಿವಿನ ಕೇಂದ್ರಕ್ಕೆ ತಲುಪಿ ಹಸಿವನ್ನು ಅಡಗಿಸುತ್ತವೆ. ಜಿಡಿಎಫ್-15 ಎಂಬ ಇನ್ನೊಂದು ಪ್ರೋಟೀನ್ ಇದೆ. ಅದನ್ನು ಹಿಡಿದುಕೊಳ್ಳುವ ಗ್ರಾಹಕ ಮೆದುಳಿನ ಬುಡದಲ್ಲಿದೆ ಎಂದು 2017ರಲ್ಲಿ ಗೊತ್ತಾಯಿತು. ವಾಕರಿಕೆ, ಊಟದ ವಾಸನೆಗೇ ಬೇಡ ಅನ್ನಿಸುವುದು ಇದರ ಕೆಲಸ. ಜಿಡಿಎಫ್-15ಅನ್ನು ತಡೆಯುವ ಔಷಧವೊಂದರಿಂದ ಸೊರಗಿದ ರೋಗಿಗಳ ತೂಕ ಏರಿತು ಎಂದು 2024ರಲ್ಲಿ ವರದಿಯಾಯಿತು. ಆ ಪ್ರಯೋಗ ನಡೆದದ್ದು ಶ್ವಾಸಕೋಶ, ಮೇದೋಜೀರಕ ಗ್ರಂಥಿ ಮತ್ತು ದೊಡ್ಡಕರುಳಿನ ಕ್ಯಾನ್ಸರ್ ಇರುವವರಲ್ಲಿ. ರಕ್ತದ ಕ್ಯಾನ್ಸರಿನವರಿಗೆ ಅದು ಇನ್ನೂ ಬಂದಿಲ್ಲ. ನಾನು ಇದನ್ನು ಹೇಳಿದ್ದು ಔಷಧದ ಆಸೆಗಲ್ಲ. ಅಪ್ಪ ತಟ್ಟೆ ಸರಿಸಿದಾಗ ಸರಿಸುವ ಕೈ ಅವರದ್ದಾದರೂ ಒಳಗೆ ಬೇಡ ಅನ್ನಿಸುತ್ತಿರುವುದು ಈ ರಾಸಾಯನಿಕ. ಅಮ್ಮ ತಟ್ಟೆ ಹಿಡಿದು ಕಣ್ಣೀರು ಹಾಕುವುದು, ಅಪ್ಪ ಮುಖ ತಿರುಗಿಸುವುದು, ಇದು ಎಷ್ಟು ಮನೆಗಳಲ್ಲಿ ನಡೆಯುತ್ತಿದೆಯೋ. ಇಬ್ಬರದ್ದೂ ತಪ್ಪಿಲ್ಲ.

ಇದೇ ವಸ್ತುಗಳು ಸ್ನಾಯುವನ್ನೂ ಕರಗಿಸುತ್ತವೆ. ಬರೀ ಹಸಿವಿನಲ್ಲಿ ದೇಹ ಮೊದಲು ಕೊಬ್ಬು ಸುಡುತ್ತದೆ, ಸ್ನಾಯು ಉಳಿಸಲು ನೋಡುತ್ತದೆ. ಉರಿಯೂತ ಸೇರಿದಾಗ ಸ್ನಾಯುವೂ ಕೊಬ್ಬೂ ಒಟ್ಟಿಗೇ ಹೋಗುತ್ತವೆ. ಇದಕ್ಕೆ ಕ್ಯಾಕೆಕ್ಸಿಯಾ ಅನ್ನುತ್ತಾರೆ. ಊಟದಿಂದ ಮಾತ್ರ ಇದು ಪೂರ್ತಿ ಹಿಂದಕ್ಕೆ ಬರುವುದಿಲ್ಲ, ಊಟ ಇಲ್ಲದೆ ಹಿಂದಕ್ಕೆ ಬರುವುದೇ ಇಲ್ಲ. ಡೆಕ್ಸಾ ಕೂಡ ತೊಡೆಯ ಸ್ನಾಯುವನ್ನು ತೆಳ್ಳಗೆ ಮಾಡುತ್ತದೆ. ಹಾಗಂತ ಅದನ್ನು ನೀವಾಗಿ ನಿಲ್ಲಿಸಬಾರದು. ಚಿಕಿತ್ಸೆಯ ಮುಖ್ಯ ಭಾಗವೇ ಅದು.

ಜೀನ್ ಟೆಸ್ಟ್ ಬೇಡ. ಆ ದುಡ್ಡು ಉಳಿಸಿ. ಅದರ ಹಿಂದಿರುವ ವಿಜ್ಞಾನ ಸುಳ್ಳಲ್ಲ, ಅದನ್ನೂ ಹೇಳಬೇಕು. ಇಂಟರ್‌ಲ್ಯೂಕಿನ್-6 ಜೀನಿನ ಮುಂಭಾಗದಲ್ಲಿ, 174ನೇ ಜಾಗದಲ್ಲಿ ಕೆಲವರಿಗೆ ಜಿ ಅಕ್ಷರ, ಕೆಲವರಿಗೆ ಸಿ ಅಕ್ಷರ ಇರುತ್ತದೆ. ಟಿಎನ್‌ಎಫ್ ಜೀನಿನ 308ನೇ ಜಾಗದಲ್ಲಿ ಜಿ ಅಥವಾ ಎ. ಇಂಥ ಒಂದಕ್ಷರದ ವ್ಯತ್ಯಾಸದಿಂದ ಯಾರು ಬೇಗ ಸೊರಗುತ್ತಾರೆ ಎಂದು ಊಹಿಸಬಹುದಾ ಎಂದು ಸಂಶೋಧಕರು ಬೇರೆ ಬೇರೆ ಕ್ಯಾನ್ಸರ್‌ಗಳಲ್ಲಿ ನೋಡಿದ್ದಾರೆ. ಒಂದು ಗುಂಪಿನಲ್ಲಿ ಸಂಬಂಧ ಕಂಡರೆ ಇನ್ನೊಂದರಲ್ಲಿ ಕಾಣುವುದಿಲ್ಲ. ಒಂದೊಂದು ಅಕ್ಷರದ ಪ್ರಭಾವ ಬಹಳ ಸಣ್ಣದು. ಫಲಿತಾಂಶ ಏನೇ ಬಂದರೂ ನಿಮ್ಮಪ್ಪನ ಊಟದಲ್ಲಿ, ಔಷಧದಲ್ಲಿ ಏನೂ ಬದಲಾಗುವುದಿಲ್ಲ. ಇವತ್ತು ಯಾವ ವಾರ್ಡಿನಲ್ಲೂ ಇದನ್ನು ನೋಡಿ ಊಟ ಬರೆದುಕೊಡುವ ಪದ್ಧತಿ ಇಲ್ಲ.

ಆದರೆ ಮಜ್ಜೆಯ ಮೇಲೆ ಮಾಡುವ ಫಿಶ್ ಎಂಬ ಪರೀಕ್ಷೆ ಬೇರೆ. ಹೆಸರು ಹಾಗಿದ್ದರೂ ಮೀನಿಗೆ ಸಂಬಂಧವಿಲ್ಲ. ಅದು ಕ್ಯಾನ್ಸರ್ ಕೋಶದ ಜೀನುಗಳಲ್ಲಿ ಆಗಿರುವ ಬದಲಾವಣೆ ಹುಡುಕುತ್ತದೆ. 17ನೇ ಕ್ರೋಮೋಸೋಮಿನ ತುಂಡು ಕಳೆದಿದೆಯಾ, 4 ಮತ್ತು 14ನೆಯದರ ತುಂಡುಗಳು ಅದಲುಬದಲಾಗಿವೆಯಾ ಅಂತ. ಅದರಿಂದ ಚಿಕಿತ್ಸೆಯೇ ಬದಲಾಗಬಹುದು. ಅದು ಆಗಿದೆಯಾ ಎಂದು ಡಾಕ್ಟರನ್ನು ಕೇಳಿ. ಎಂಜಲಿನ ಟೆಸ್ಟಿಗೂ ಇದಕ್ಕೂ ಗಲಿಬಿಲಿ ಮಾಡಿಕೊಳ್ಳಬೇಡಿ.

ಹಾಗಾದರೆ ಅಪ್ಪನಿಗೆ ಅಪೌಷ್ಟಿಕತೆ ಇದೆಯಾ? ಇದೆ, ತೀವ್ರವಾಗಿಯೇ ಇದೆ. ಅದನ್ನು ಹೇಳಿದ್ದು ಲ್ಯಾಬ್ ಅಲ್ಲ, ನಿಮ್ಮ ಪತ್ರದ ಎರಡು ತೂಕ. 62ರಲ್ಲಿ 8 ಹೋಗಿದೆ, ಸುಮಾರು ನೂರಕ್ಕೆ 13. 2019ರಲ್ಲಿ ಜಗತ್ತಿನ ಪೋಷಣಾ ಸಂಘಗಳು ಸೇರಿ ಗ್ಲಿಮ್ ಎಂಬ ಮಾನದಂಡ ತಂದವು. ಅದರ ಪ್ರಕಾರ 6 ತಿಂಗಳಲ್ಲಿ ನೂರಕ್ಕೆ 5ಕ್ಕಿಂತ ಹೆಚ್ಚು ಇಳಿದು, ಜೊತೆಗೆ ಊಟ ಕಡಿಮೆಯೋ ಉರಿಯೂತವೋ ಇದ್ದರೆ ಅಪೌಷ್ಟಿಕತೆ. ನೂರಕ್ಕೆ 10 ದಾಟಿದರೆ ತೀವ್ರ. ಎತ್ತರ ತೂಕದ ಲೆಕ್ಕದಲ್ಲಿ ಅಪ್ಪನ ಬಿಎಂಐ ಸುಮಾರು 19 ಬರುತ್ತದೆ, ಅದು ಸರಿ ಅಂತಲೇ ಕಾಣುತ್ತದೆ. ಅದನ್ನು ನೋಡಿ ಯಾರಾದರೂ ತೊಂದರೆ ಇಲ್ಲ ಅಂದರೆ ಒಪ್ಪಬೇಡಿ. ಈ ಮಾನದಂಡದಲ್ಲಿ ಸಿಆರ್‌ಪಿಗೆ ಜಾಗ ಇದೆ, ಉರಿಯೂತದ ಆಧಾರವಾಗಿ. ಅಲ್ಬುಮಿನ್‌ಗೆ ಅಪೌಷ್ಟಿಕತೆಯ ಅಳತೆಗೋಲಿನ ಜಾಗ ಇಲ್ಲ.

ಮನೆಯಲ್ಲಿ ನೀವು ಮಾಡಬೇಕಾದದ್ದು ತೂಕ ನೋಡುವುದು. ವಾರಕ್ಕೊಮ್ಮೆ, ಬೆಳಿಗ್ಗೆ, ಅದೇ ಕಾಟಾದಲ್ಲಿ. ಕಾಲಿನ ಮುಂಭಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಗುಳಿ ಬಿದ್ದು ಹಾಗೇ ಉಳಿದರೆ ನೀರು ತುಂಬಿದೆ, ತೂಕ ಸುಳ್ಳು ಹೇಳುತ್ತಿದೆ. ಆಗ ಟೇಲರ್ ಟೇಪು ತಗೊಂಡು ಮೀನಖಂಡದ ಅತಿ ದಪ್ಪ ಜಾಗ ಅಳೆಯಿರಿ. ನಮ್ಮ ಏಷ್ಯಾದ ಗಂಡಸರಿಗೆ 34 ಸೆಂಟಿಮೀಟರಿಗಿಂತ, ಹೆಂಗಸರಿಗೆ 33ಕ್ಕಿಂತ ಕಡಿಮೆ ಇದ್ದರೆ ಸ್ನಾಯು ಕಡಿಮೆಯಾಗಿದೆ ಎಂದು ಅನುಮಾನಿಸಬೇಕು. ಊದಿಕೊಂಡ ಕಾಲಿನಲ್ಲಿ ಈ ಅಳತೆಯೂ ಜಾಸ್ತಿ ತೋರಿಸುತ್ತದೆ. ಆದರೂ 34ರ ಒಳಗೇ ಬಂದರೆ ಸಂಶಯವೇ ಬೇಡ.

ಬೇರೆ ರಕ್ತದ ಕ್ಯಾನ್ಸರ್ ಇರುವವರೂ ಇದನ್ನು ಓದುತ್ತಿರಬಹುದು, ಅವರಿಗೆ ಎರಡು ಮಾತು. ಲಿಂಫೋಮಾದಲ್ಲಿ ಕಾರಣವಿಲ್ಲದೆ ತೂಕ ಇಳಿಯುವುದು, ಜ್ವರ, ರಾತ್ರಿ ಹಾಸಿಗೆ ನೆನೆಯುವಷ್ಟು ಬೆವರು ರೋಗದ ಲೆಕ್ಕದಲ್ಲೇ ಸೇರುತ್ತವೆ. ಮಕ್ಕಳ ಲ್ಯುಕೇಮಿಯಾದಲ್ಲಿ ಕೊಡುವ ಆಸ್ಪರಾಜಿನೇಸ್ ಔಷಧವೇ ಅಲ್ಬುಮಿನ್ ಇಳಿಸುತ್ತದೆ. ಸಿಎಂಎಲ್ ಎಂಬ ರಕ್ತದ ಕ್ಯಾನ್ಸರಿನಲ್ಲಿ ಗುಲ್ಮ ದೊಡ್ಡದಾಗಿ ಹೊಟ್ಟೆಯನ್ನು ಒತ್ತುವುದರಿಂದ ನಾಲ್ಕು ತುತ್ತಿಗೇ ಹೊಟ್ಟೆ ತುಂಬುತ್ತದೆ.

ಈಗ ತಟ್ಟೆ. ಅಪ್ಪನ ತೂಕಕ್ಕೆ ದಿನಕ್ಕೆ 65ರಿಂದ 80 ಗ್ರಾಂ ಪ್ರೋಟೀನ್, 1400ರಿಂದ 1600 ಕ್ಯಾಲೊರಿ ಗುರಿ ಇಡಿ. ಕೇಳಲು ದೊಡ್ಡದು, ಆದರೆ ನಮ್ಮ ಅಡಿಗೆಮನೆಯಲ್ಲಿ ಸಿಗುವಂಥದ್ದೇ. ಎರಡು ಮೊಟ್ಟೆ 12 ಗ್ರಾಂ. ಮುಳ್ಳು ಬಿಡಿಸಿದ ಮೀನು 150 ಗ್ರಾಂ ಅಂದರೆ ಸುಮಾರು 28. ಎರಡು ಲೋಟ ಹಾಲು 13. ಒಂದು ಬಟ್ಟಲು ಗಟ್ಟಿ ತೊವ್ವೆ 7, ಒಂದು ಹಿಡಿ ಶೇಂಗಾ 7. ಅನ್ನದ್ದು ಸೇರಿದರೆ 75ರ ಹತ್ತಿರ ಬಂತು. ತಿಳಿ ಗಂಜಿಯಲ್ಲಿ ಇದರ ಹತ್ತನೇ ಒಂದು ಭಾಗವೂ ಬರುವುದು ಕಷ್ಟ. ಗಂಜಿಯೇ ಇಷ್ಟ ಅಂದರೆ ಕೊಡಿ, ಆದರೆ ಕುಚ್ಚಲಕ್ಕಿ ಜೊತೆ ಹೆಸರುಬೇಳೆ ಹಾಕಿ ಬೇಯಿಸಿ, ಮೇಲೆ ತುಪ್ಪವೋ ಕಾಯಿಹಾಲೋ ಹಾಕಿ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ಕಡೆ ಮೀನು ತಿನ್ನದ ಮನೆಗಳಲ್ಲಿ ಪನೀರು, ಮೊಸರು, ಮೊಳಕೆ ಬರಿಸಿ ಬೇಯಿಸಿದ ಹೆಸರುಕಾಳು ಆ ಜಾಗ ತುಂಬಬೇಕು.

ಹೊತ್ತು ನೋಡಿ ಕೊಡಿ. ಡೆಕ್ಸಾ ತಗೊಂಡ ದಿನ ಮತ್ತು ಮರುದಿನ ಹೆಚ್ಚಿನವರಿಗೆ ಹಸಿವು ಇರುತ್ತದೆ. ಆ ಎರಡು ದಿನ ಒಳ್ಳೆಯ ಊಟ ಹೋಗಲಿ, ಸಕ್ಕರೆ ಮಟ್ಟದ ಮೇಲೆ ಕಣ್ಣಿರಲಿ. ಆಮೇಲೆ ಕುಸಿಯುವ ದಿನಗಳಲ್ಲಿ ಎರಡು ತಾಸಿಗೊಮ್ಮೆ ಸ್ವಲ್ಪ ಸ್ವಲ್ಪ. ಬಾಯಿಗೆ ಕಬ್ಬಿಣದ ರುಚಿ ಬಂದರೆ ಮುರುಗಲ ಸಾರು, ಅಪ್ಪೆಹುಳಿ ಊಟಕ್ಕೆ ಮುಂಚೆ ಎರಡು ಗುಟುಕು ಕುಡಿದರೆ ನಾಲಿಗೆ ತೆರೆದುಕೊಳ್ಳುತ್ತದೆ. ಬಾಯಿ ಹುಣ್ಣಿದ್ದರೆ ಬೇಡ. ಮಣಿಪಾಲಕ್ಕೆ ಹೋಗುವ ದಿನ ಬಸ್ಸಿನಲ್ಲಿ ವಾಂತಿ ಆಗುತ್ತದೆ ಅಂತ ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಹೋಗುತ್ತೀರಾ? ವಾಂತಿಯ ಮಾತ್ರೆಯನ್ನು ಯಾವಾಗ ಕೊಡಬೇಕು ಎಂದು ಕೇಳಿಕೊಂಡು, ಬೇಯಿಸಿದ ಮೊಟ್ಟೆಯೋ ಇಡ್ಲಿಯೋ ಕಟ್ಟಿಕೊಂಡು ಹೋಗಿ. ಹೋಗಿ ಬರುವ ಒಂದು ದಿನ ಪೂರ್ತಿ ಉಪವಾಸ ಅಂದರೆ ತಿಂಗಳಿಗೆ ನಾಲ್ಕು ಉಪವಾಸ.

ಜೂನ್, ಜುಲೈನಲ್ಲಿ ಬೋಟುಗಳು ದಡದಲ್ಲಿದ್ದಾಗ ಒಣಮೀನಿಗೆ ಹೋಗಬೇಡಿ. ಉಪ್ಪು ವಿಪರೀತ. ಆಗ ಮೊಟ್ಟೆ, ಬೇಳೆ ಜಾಸ್ತಿ ಮಾಡಿ. ಅಘನಾಶಿನಿಯ ಚಿಪ್ಪಿಕಲ್ಲು ರುಚಿ ನಿಜ, ಆದರೆ ಬಿಳಿ ರಕ್ತಕಣ ಕಡಿಮೆ ಇರುವಾಗ ಬೇಡ. ಎಲ್ಲವೂ ಚೆನ್ನಾಗಿ ಬೆಂದಿರಲಿ, ಬಿಸಿ ಇರುವಾಗಲೇ ಕೊಡಿ. ಬೋರ್ಟೆಜೊಮಿಬ್ ನಡೆಯುವಾಗ ಗ್ರೀನ್ ಟೀ ಮತ್ತು ವಿಟಮಿನ್ ಸಿ ಮಾತ್ರೆ ಬೇಡ. ಅವು ಔಷಧದ ಕೆಲಸ ಕೆಡಿಸುತ್ತವೆ ಎಂದು ಪ್ರಯೋಗಾಲಯದಲ್ಲಿ ಕಂಡಿದೆ. ಯಾರಾದರೂ ಕಷಾಯ, ಬೇರಿನ ಪುಡಿ ತಂದುಕೊಟ್ಟರೆ ಕುಡಿಸುವ ಮೊದಲು ಡಾಕ್ಟರಿಗೆ ತೋರಿಸಿ. ಮೂಳೆ ನೋವಿಗೆ ಅಂಗಡಿಯ ನೋವಿನ ಮಾತ್ರೆ ಬೇಡವೇ ಬೇಡ, ಮೈಲೋಮಾದಲ್ಲಿ ಅಂಥ ಹಲವು ಮಾತ್ರೆ ಕಿಡ್ನಿಗೆ ಬಹಳ ಕೆಟ್ಟವು. ನೀರು ಎಷ್ಟು ಕುಡಿಯಬೇಕು ಎಂದು ಕೇಳಿಕೊಳ್ಳಿ. ಹೃದಯದ ತೊಂದರೆ, ಕಾಲು ಊತ ಇಲ್ಲದಿದ್ದರೆ ಸಾಮಾನ್ಯವಾಗಿ ಜಾಸ್ತಿಯೇ ಬೇಕಾಗುತ್ತದೆ.

ಮುಂದಿನ ಸಲ ಹೋಗುವಾಗ ಒಂದು ಹಾಳೆಯಲ್ಲಿ ನಾಲ್ಕು ವಾರದ ತೂಕ, ಮೀನಖಂಡದ ಅಳತೆ, ಮತ್ತು ಒಂದು ದಿನ ಅಪ್ಪ ನಿಜವಾಗಿ ಎಷ್ಟು ತಿಂದರು ಅನ್ನುವುದನ್ನು ಬರೆದುಕೊಂಡು ಹೋಗಿ. ಅಲ್ಲಿನ ಡಯಟಿಷಿಯನ್ ಒಬ್ಬರನ್ನು ನೋಡಲೇಬೇಕು ಎಂದು ಕೇಳಿ. ಕ್ರಿಯಾಟಿನಿನ್ ಮತ್ತು ಕ್ಯಾಲ್ಸಿಯಂ ಹೊಸ ರಿಪೋರ್ಟು ಬಂದ ಮೇಲೆ ನನಗೂ ಬರೆಯಿರಿ. ಕ್ರಿಯಾಟಿನಿನ್ ಏರಿದ್ದರೆ ಮೇಲಿನ ಪ್ರೋಟೀನ್ ಲೆಕ್ಕವನ್ನು ಮತ್ತೊಮ್ಮೆ ಕೂತು ಹಾಕಬೇಕಾಗುತ್ತದೆ.